ಪಹಣಿ ಕೇಳದ ಸೇವೆ: ನೆರೆ ಇಳಿದ ಮೇಲೆ ನೆಲ ಕಟ್ಟುವ ಕೆಲಸ

(ಶಿವಮೊಗ್ಗದ ಹೊಸಮನೆಯಲ್ಲಿ ಮಳೆಗಾಲಕ್ಕೆ ಮುನ್ನ ನಡೆದ ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ಮಾತಿಗೆ ನಾನು ಆರಿಸಿಕೊಂಡ ವಿಷಯ ಸಿಖ್ಖರ ನೆರೆ ಪರಿಹಾರ ಕಾರ್ಯ. ಮಲೆನಾಡಿನ ಪರಿಸರದ ಬಗ್ಗೆ ಚಿಂತಿಸುವ ಸಭೆಯಲ್ಲಿ ಪಂಜಾಬಿನ ಮಾತೇಕೆ ಎಂಬ ಪ್ರಶ್ನೆ ಸಹಜ. ಅಲ್ಲಿಯದು ಬಯಲು, ಇಲ್ಲಿಯದು ಬೆಟ್ಟ. ಅಲ್ಲಿ ಗೋಧಿ, ಇಲ್ಲಿ ಅಡಿಕೆ. ಆದರೆ ನೆರೆ ಬಂದು ಹೋದ ಮೇಲೆ ಎರಡೂ ಕಡೆಯ ರೈತನ ಮುಂದೆ ಉಳಿಯುವ ದೃಶ್ಯ ಒಂದೇ: ಮರಳು ಮುಚ್ಚಿದ ಗದ್ದೆ, ಕೊಚ್ಚಿಹೋದ ಬದು, ತಪ್ಪಿಹೋದ ಹಂಗಾಮು. ಆ ಹೊತ್ತಿನಲ್ಲಿ ಯಾರು ಬರುತ್ತಾರೆ, ಎಷ್ಟು ದಿನ ಇರುತ್ತಾರೆ, ಬಂದವರು ಏನನ್ನು ಕೇಳುತ್ತಾರೆ ಎಂಬುದರ ಮೇಲೆ ಆ ಕುಟುಂಬದ ಮುಂದಿನ ಹತ್ತು ವರ್ಷ ನಿಂತಿರುತ್ತದೆ. ಈ ವಿಚಾರದಲ್ಲಿ ಸಿಖ್ಖರಿಂದ ನಾವು ಕಲಿಯತಕ್ಕದ್ದು ಬಹಳವಿದೆ ಎಂಬುದು ನನ್ನ ನಂಬಿಕೆ.

ಈ ಜಿಲ್ಲೆಯಲ್ಲಿ ಹೊಸಮನೆ ಎಂಬ ಬಡಾವಣೆ ಎರಡು ಊರುಗಳಲ್ಲಿದೆ. ಒಂದು ತುಂಗೆಯ ಊರಾದ ಶಿವಮೊಗ್ಗದಲ್ಲಿ, ಇನ್ನೊಂದು ಭದ್ರೆಯ ಊರಾದ ಭದ್ರಾವತಿಯಲ್ಲಿ. ಎರಡು ನದಿಗಳ ಸ್ವಭಾವವೂ ನಿಮಗೆ ತಿಳಿದದ್ದೇ. ಲಕ್ಕವಳ್ಳಿಯ ಭದ್ರಾ ಜಲಾಶಯ 71.5 ಟಿಎಂಸಿಯ ದೊಡ್ಡ ಕಟ್ಟೆ. ಅದು ತುಂಬುವವರೆಗೆ ಕೆಳಗಿನವರು ನಿಶ್ಚಿಂತರು, ತುಂಬಿ ಗೇಟು ತೆರೆದ ದಿನ ಭದ್ರಾವತಿಯ ತಗ್ಗಿನ ಮನೆಗಳಿಗೆ ನೀರು. ಗಾಜನೂರಿನ ತುಂಗಾ ಅಣೆಕಟ್ಟೆ ಕೇವಲ 3.24 ಟಿಎಂಸಿಯದು. ಶೃಂಗೇರಿ, ತೀರ್ಥಹಳ್ಳಿಯ ಕಡೆ ಮಳೆ ಬಿಡದೆ ಸುರಿದರೆ ಬಂದ ನೀರನ್ನು ಬಂದ ಹಾಗೆಯೇ ಕೆಳಕ್ಕೆ ಬಿಡದೆ ಅದಕ್ಕೆ ಗತ್ಯಂತರವಿಲ್ಲ. 2019ರ ಆಗಸ್ಟಿನಲ್ಲಿ ಶಿವಮೊಗ್ಗದ ಕುಂಬಾರಗುಂಡಿ, ಇಮಾಮ್‌ಬಾಡಾ ಮೊದಲಾದ ಹೊಳೆಬದಿಯ ಕೇರಿಗಳು ಇದನ್ನು ಕಂಡವು.

ನಾವು ಮನೆಗಳನ್ನು ಎಣಿಸಿದೆವು, ನೆಲವನ್ನು ಮರೆತೆವು

ನಮ್ಮ ರಾಜ್ಯದ ಮೂರು ನೆರೆಗಳನ್ನು ಸ್ಮರಿಸೋಣ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕದಲ್ಲಿ ಬಂದ ಮಹಾಪೂರದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸರ್ಕಾರ ‘ಆಸರೆ’ ಎಂಬ ಯೋಜನೆಯನ್ನು ತಂದು, ದಾನಿಗಳ ನೆರವಿನಿಂದ ಊರುಗಳನ್ನೇ ಸ್ಥಳಾಂತರಿಸಿ ಹೊಸ ಮನೆಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಆದರೆ ಹಲವೆಡೆ ಮನೆ ಹೊಲದಿಂದ ದೂರವಾಯಿತು. ದನ ಕಟ್ಟಲು, ಮೇವು ಒಟ್ಟಲು, ಕಾಳು ಒಣಗಿಸಲು ಜಾಗವಿಲ್ಲದ ಮನೆಯಲ್ಲಿ ಒಕ್ಕಲುತನದ ಕುಟುಂಬ ಬದುಕುವುದೆಂತು? ಕೆಲವು ಊರುಗಳಲ್ಲಿ ಜನ ಹಳೆಯ ಊರಿಗೇ ಮರಳಿದರು, ಹೊಸ ಮನೆಗಳು ಖಾಲಿ ಉಳಿದವು.

2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಭಾಗದಲ್ಲಿ ಗುಡ್ಡಗಳು ಜಾರಿದವು. ನಿರಾಶ್ರಿತರಿಗಾಗಿ ಜಂಬೂರು, ಮದೆನಾಡು ಮೊದಲಾದೆಡೆ ಹೊಸ ಬಡಾವಣೆಗಳು ಬಂದವು. ಮನೆ ದೊರೆಯಿತು. ಆದರೆ ಗುಡ್ಡದ ಮಣ್ಣಿನಡಿ ಹೂತುಹೋದ ಗದ್ದೆ, ತೋಟಗಳ ವಿಷಯದಲ್ಲಿ ಅಂಥದೇ ಯೋಜನೆ ಆಗಲಿಲ್ಲ.

2019ರ ನೆರೆಯಲ್ಲಿ ರಾಜ್ಯ ಸರ್ಕಾರ ತುರ್ತು ಪರಿಹಾರವಾಗಿ ಕುಟುಂಬಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಅದಕ್ಕೆ ಮುಂಚೆ ಸಿಗುತ್ತಿದ್ದುದಕ್ಕೆ ಹೋಲಿಸಿದರೆ ಇದು ದೊಡ್ಡ ಮೊತ್ತ. ಆದರೆ ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಮನೆಯೊಂದಿಗೆ ನೆಲವನ್ನೂ ಕಳೆದುಕೊಂಡವರು ಬದಲಿ ಜಾಗಕ್ಕಾಗಿ ವರ್ಷಗಟ್ಟಲೆ ಅಲೆದರು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಮ್ಮಲ್ಲಿ ಪರಿಹಾರವೆಂದರೆ ಮೊದಲು ಗಂಜಿಕೇಂದ್ರ, ಆಮೇಲೆ ಹಣ, ಅದರ ಆಮೇಲೆ ಗೋಡೆ ಮತ್ತು ಸೂರು. ದುಡಿಯುವ ನೆಲವನ್ನು ಮತ್ತೆ ದುಡಿಮೆಗೆ ತರುವ ಕೆಲಸ ಯಾರ ಪಾಲಿಗೂ ಬರುವುದಿಲ್ಲ. ಅದು ರೈತನೊಬ್ಬನ ಹೆಗಲ ಮೇಲೆಯೇ ಉಳಿಯುತ್ತದೆ.

ಪಂಜಾಬಿನಲ್ಲಿ ನಡೆದದ್ದು

2025ರ ಆಗಸ್ಟ್ ಕೊನೆಯಲ್ಲಿ ಹಿಮಾಚಲ ಮತ್ತು ಜಮ್ಮು ಪ್ರದೇಶದಲ್ಲಿ ಭಾರೀ ಮಳೆಯಾಯಿತು. ಸತ್ಲೆಜ್, ಬಿಯಾಸ್, ರಾವಿ ಮೂರೂ ಉಕ್ಕಿದವು. ಭಾಕ್ರಾ, ಪೋಂಗ್, ರಣಜಿತ್ ಸಾಗರ ಕಟ್ಟೆಗಳಿಂದ ನೀರು ಹೊರಬಿಡಬೇಕಾಯಿತು. ಮಾಧೋಪುರ ಬ್ಯಾರೇಜಿನ ಗೇಟುಗಳೇ ಮುರಿದವು. ‘ಧುಸ್ಸಿ ಬಂಧ್’ ಎಂದು ಅಲ್ಲಿ ಕರೆಯುವ ಮಣ್ಣಿನ ಏರಿಗಳು ಅನೇಕ ಕಡೆ ಒಡೆದವು. ಪಂಜಾಬಿನ 23 ಜಿಲ್ಲೆಗಳನ್ನೂ ನೆರೆಪೀಡಿತವೆಂದು ಸರ್ಕಾರ ಘೋಷಿಸಿತು. 1.7 ಲಕ್ಷ ಹೆಕ್ಟೇರಿಗೂ ಹೆಚ್ಚಿನ ಬೆಳೆ, ಅದರಲ್ಲೂ ತೆನೆಗೆ ಬರುವ ಹೊತ್ತಿನ ಭತ್ತ, ಹಾಳಾಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. 1988ರ ನಂತರ ಅಷ್ಟು ದೊಡ್ಡ ನೆರೆಯನ್ನು ಆ ರಾಜ್ಯ ಕಂಡಿರಲಿಲ್ಲ.

ಮೊದಲ ದಿನಗಳಲ್ಲಿ ದೋಣಿಯಲ್ಲಿ ಜನರನ್ನು ಸಾಗಿಸಿದ್ದು, ಗುರುದ್ವಾರಗಳಿಂದ ಊಟ ಹೋದದ್ದು ಎಲ್ಲರಿಗೂ ಪತ್ರಿಕೆಗಳಿಂದ ತಿಳಿದಿದೆ. ನನ್ನ ಗಮನ ಸೆಳೆದದ್ದು ಅದರ ನಂತರದ ಘಟ್ಟ. ನೀರು ಇಳಿದ ಮೇಲೆ ಕೆಲವು ಹೊಲಗಳಲ್ಲಿ ಹಲವು ಅಡಿ ಮರಳು ನಿಂತಿತ್ತು. ಅಕ್ಟೋಬರ್ ಕೊನೆಯಿಂದ ನವೆಂಬರ್ ವರೆಗೆ ಗೋಧಿ ಬಿತ್ತನೆಯ ಕಾಲ. ಅದು ತಪ್ಪಿದರೆ ಒಂದೇ ವರ್ಷದಲ್ಲಿ ಎರಡು ಬೆಳೆ ಹೋದಂತೆ. ಆಗ ನೆರೆ ಕಡಿಮೆ ತಟ್ಟಿದ ಜಿಲ್ಲೆಗಳ, ನೆರೆಯ ಹರಿಯಾಣದ ರೈತರು ಟ್ರ್ಯಾಕ್ಟರು ಹೊಡೆದುಕೊಂಡು ಬಂದರು. ಡೀಸೆಲ್ ತಂದರು, ದನಗಳಿಗೆ ಟ್ರಾಲಿಗಟ್ಟಲೆ ಮೇವು ತಂದರು, ಬಿತ್ತನೆ ಗೋಧಿ ತಂದರು. ಅಪರಿಚಿತರ ಹೊಲದ ಮರಳನ್ನು ಎಳೆದು ಸಮ ಮಾಡಿದರು. ಹರಿಯಾಣದ ಮೇವಾತ್ ಭಾಗದ ಮುಸಲ್ಮಾನ ರೈತಾಪಿ ಜನರೂ ಲಾರಿಗಳಲ್ಲಿ ಸಾಮಗ್ರಿ ಹೊತ್ತು ಬಂದರು. ಒಡೆದ ಏರಿಗಳನ್ನು ಕಟ್ಟಲು ಚೀಲಗಳಲ್ಲಿ ಮಣ್ಣು ತುಂಬಿ, ಕೈಯಿಂದ ಕೈಗೆ ದಾಟಿಸುತ್ತ ಸಾವಿರಾರು ಮಂದಿ ನಿಂತರು. ಇದಕ್ಕೆ ಅವರಲ್ಲಿ ‘ಕಾರ್ ಸೇವೆ’ ಎಂದು ಹೆಸರು.

ರಾಜ್ಯ ಸರ್ಕಾರ ಎಕರೆಗೆ 20,000 ರೂಪಾಯಿ ಪರಿಹಾರ ಘೋಷಿಸಿತು. ‘ಜಿಸ್ದಾ ಖೇತ್, ಉಸ್ದೀ ರೇತ್’ ಎಂಬ ನೀತಿಯನ್ನೂ ತಂದಿತು. ಯಾರ ಹೊಲವೋ ಮರಳೂ ಅವರದೇ ಎಂದು ಅದರ ಅರ್ಥ. ಗೊತ್ತುಪಡಿಸಿದ ಅವಧಿಯೊಳಗೆ ಹೊಲದ ಮರಳನ್ನು ತೆಗೆದು ರೈತನೇ ಬಳಸಬಹುದು, ಮಾರಲೂಬಹುದು. ಸರ್ಕಾರ ತನ್ನ ಪಾಲಿನದನ್ನು ಮಾಡಿತು. ಆದರೆ ಅಪ್ಪಣೆಯ ಕಾಗದ ತಾನಾಗಿ ಮರಳನ್ನು ಎತ್ತುವುದಿಲ್ಲ. ಎತ್ತಿದ್ದು ಜನರ ಕೈ.

ಅಭ್ಯಾಸವಾಗಿದ್ದುದರಿಂದ ಆಯಿತು

ಇಂಥ ಕೆಲಸ ನೆರೆಯ ದಿನ ಹೊಸದಾಗಿ ಹುಟ್ಟುವುದಲ್ಲ. ಅದರ ಬೇರು ಐನೂರು ವರ್ಷ ಹಳೆಯದು.

ಗುರುನಾನಕರು (1469–1539) ದೇಶ ಸುತ್ತಿದ ಮೇಲೆ ರಾವಿ ನದಿಯ ದಂಡೆಯ ಕರ್ತಾರಪುರದಲ್ಲಿ ನೆಲೆಸಿದರು. ಬದುಕಿನ ಕೊನೆಯ ಸುಮಾರು 18 ವರ್ಷ ಅಲ್ಲಿ ಸ್ವತಃ ಬೇಸಾಯ ಮಾಡಿದರು ಎಂಬುದು ಸಿಖ್ ಪರಂಪರೆ. ಹೊಲದಲ್ಲಿ ಬೆಳೆದದ್ದು ಲಂಗರಿಗೆ, ಅಂದರೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಅಡುಗೆಮನೆಗೆ ಹೋಗುತ್ತಿತ್ತು. ದುಡಿದು ಉಣ್ಣು, ಹಂಚಿ ಉಣ್ಣು ಎಂಬೆರಡು ಮಾತು ಅವರ ಬೋಧೆಯ ತಿರುಳು. 2025ರ ನೆರೆಯಲ್ಲಿ ಈಗ ಪಾಕಿಸ್ತಾನದಲ್ಲಿರುವ ಆ ಕರ್ತಾರಪುರದ ಗುರುದ್ವಾರವೂ, ಗಡಿಯ ಈಚೆಗಿನ ಡೇರಾ ಬಾಬಾ ನಾನಕ್ ಪ್ರದೇಶವೂ ಮುಳುಗಿದವು. ರಾವಿಗೆ ಗಡಿ ತಿಳಿಯದು.

ಲಂಗರು ವರ್ಷದ ಎಲ್ಲ ದಿನವೂ ನಡೆಯುತ್ತದೆ. ಗುರುದ್ವಾರವಿದ್ದಲ್ಲಿ ದೊಡ್ಡ ಪಾತ್ರೆ ಇದೆ, ಒಲೆ ಇದೆ, ಹಿಟ್ಟು ಬೇಳೆಯ ದಾಸ್ತಾನು ಇದೆ. ಅದಕ್ಕಿಂತ ಮುಖ್ಯವಾಗಿ, ನೂರಾರು ಜನರಿಗೆ ಅಡುಗೆ ಮಾಡಿ, ಬಡಿಸಿ, ಎಂಜಲು ತಟ್ಟೆ ತೊಳೆದು ಅಭ್ಯಾಸವಾದ ಕೈಗಳಿವೆ. ಗಳಿಕೆಯ ಹತ್ತನೆಯ ಒಂದು ಪಾಲನ್ನು ಸಮುದಾಯಕ್ಕೆ ಕೊಡುವ ‘ದಸ್ವಂಧ್’ ಇದೆ. ಕೊಳ ಹೂಳೆತ್ತುವುದು, ಕಟ್ಟಡ ಕಟ್ಟುವುದು ಮುಂತಾದ ಕಾರ್ ಸೇವೆಯಲ್ಲಿ ಉಳ್ಳವರೂ ಇಲ್ಲದವರೂ ಬುಟ್ಟಿ ಹೊರುವ ರೂಢಿ ಇದೆ. ನೆರೆ ಬಂದಾಗ ಈ ರೂಢಿಯನ್ನು ಇದ್ದಲ್ಲಿಂದ ಇನ್ನೊಂದು ಕಡೆಗೆ ಸಾಗಿಸಿದರಾಯಿತು. ತರಬೇತಿ ಮೊದಲೇ ಆಗಿರುತ್ತದೆ.

ಲಂಗರಿನಲ್ಲಿ ಸಾಲಾಗಿ ಕೂರುವುದಕ್ಕೆ ‘ಪಂಗತ್’ ಎನ್ನುತ್ತಾರೆ. ಅದು ನಮ್ಮ ‘ಪಂಕ್ತಿ’ಯೇ. ಆದರೆ ಅಲ್ಲಿ ಆ ಶಬ್ದ ಸಮಾನತೆಯ ಗುರುತಾಯಿತು. ನಮ್ಮಲ್ಲಿ ಅದೇ ಶಬ್ದ ಬಹುಕಾಲ ‘ಭೇದ’ ಎಂಬುದರ ಜೊತೆ ಸೇರಿಕೊಂಡು ಬಳಕೆಯಲ್ಲಿ ಉಳಿಯಿತು. ಗಂಜಿಕೇಂದ್ರದಲ್ಲಿ ಯಾರ ಪಕ್ಕದಲ್ಲಿ ಯಾರು ಕೂರಬೇಕೆಂಬ ಚಿಂತೆ ಇರುವ ಊರು ನೆರೆಯನ್ನು ಒಗ್ಗಟ್ಟಾಗಿ ಎದುರಿಸಲಾರದು.

ಈ ಪರಂಪರೆ ಕನ್ನಡ ನೆಲಕ್ಕೆ ಅಪರಿಚಿತವೇನೂ ಅಲ್ಲ. ಬೀದರಿನ ನಾನಕ್ ಝೀರಾ ಸಾಹೇಬ್ ಗುರುದ್ವಾರ ನೀರಿನ ನೆನಪಿನ ಮೇಲೆಯೇ ನಿಂತಿದೆ. ನೀರಿಗೆ ಬರವಿದ್ದ ಜಾಗದಲ್ಲಿ ಗುರುನಾನಕರ ಭೇಟಿಯಿಂದ ಸಿಹಿನೀರಿನ ಒರತೆ ಚಿಮ್ಮಿತೆಂಬುದು ಅಲ್ಲಿಯ ನಂಬಿಕೆ. ಇಂದಿಗೂ ಬಂದವರಿಗೆಲ್ಲ ಅಲ್ಲಿ ಊಟವಿದೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆಯೊಡ್ಡಿ ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹೇಬ್ ಸಿಂಗ್ ಬೀದರಿನವರು, ಕ್ಷೌರಿಕ ಸಮುದಾಯದಿಂದ ಬಂದವರು. ಖಾಲ್ಸಾ ಹುಟ್ಟಿದ ಆ ಘಟನೆಗೆ ಮುನ್ನೂರು ವರ್ಷ ತುಂಬಿದ 1999ರಲ್ಲಿ ಇಂಗ್ಲೆಂಡಿನ ರವಿ ಸಿಂಗ್ ಅವರು ಕೊಸೊವೊ ಯುದ್ಧದ ನಿರಾಶ್ರಿತರಿಗೆ ನೆರವು ಒಯ್ದರು. ಹಾಗೆ ಹುಟ್ಟಿದ್ದು ‘ಖಾಲ್ಸಾ ಏಡ್’ ಸಂಸ್ಥೆ. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಅದರ ಸ್ವಯಂಸೇವಕರು ಕೊಚ್ಚಿಗೆ ಬಂದು, ತೇವರದ ಗುರುದ್ವಾರದಲ್ಲಿ ಲಂಗರು ತೆರೆದು, ಶಿಬಿರಗಳಿಗೆ ಊಟ ಕಳಿಸಿದರು. ಕೇರಳದಲ್ಲಿ ಸಿಖ್ಖರ ಸಂಖ್ಯೆ ಬೆರಳೆಣಿಕೆಯಷ್ಟು. ತಮ್ಮವರನ್ನು ಹುಡುಕಿಕೊಂಡು ಅವರು ಹೋದದ್ದಲ್ಲ. ಅವರ ನಿತ್ಯಪ್ರಾರ್ಥನೆ ಎಲ್ಲರ ಒಳಿತನ್ನು ಕೋರುವ ‘ಸರಬತ್ ದಾ ಭಲಾ’ ಎಂಬ ಮಾತಿನೊಂದಿಗೆ ಮುಗಿಯುತ್ತದೆ. ಅದನ್ನು ಅವರು ಅಕ್ಷರಶಃ ತೆಗೆದುಕೊಂಡಿದ್ದಾರೆ.

ಹೊಳೆಯನ್ನು ಕಟ್ಟಿಕೊಂಡ ಸೇವೆ

ಪರಿಸರದ ಕೆಲಸ ಮಾಡುವ ನಮಗೆ ಇನ್ನೊಂದು ಉದಾಹರಣೆ ಹೆಚ್ಚು ಹತ್ತಿರದ್ದು. ಸುಲ್ತಾನಪುರ ಲೋಧಿಯ ಬಳಿ ಹರಿಯುವ ಕಾಲೀ ಬೇಯಿ ಎಂಬ ಸುಮಾರು 160 ಕಿಲೋಮೀಟರ್ ಉದ್ದದ ಹೊಳೆ ಗುರುನಾನಕರ ಜೀವನದೊಡನೆ ಸೇರಿದ್ದು. ಊರುಗಳ ಕೊಳಚೆ ಸೇರಿ, ಕಳೆ ಬೆಳೆದು, ಅದು ಚರಂಡಿಯಾಗಿತ್ತು. 2000ದಲ್ಲಿ ಬಲಬೀರ್ ಸಿಂಗ್ ಸೀಚೆವಾಲ್ ಎಂಬ ಸಂತರು ಜನರನ್ನು ಕೂಡಿಸಿಕೊಂಡು ಅದರಲ್ಲಿ ಇಳಿದರು. ಕೈಯಿಂದ ಕಳೆ ಕಿತ್ತರು, ಹೂಳು ಎತ್ತಿದರು, ದಂಡೆ ಕಟ್ಟಿ ಮರ ನೆಟ್ಟರು, ಕೊಳಚೆಯನ್ನು ಹೊಳೆಗೆ ಬಿಡದೆ ಬೇರೆ ದಾರಿ ತೋರಿಸಿದರು. ಹೊಳೆ ಮತ್ತೆ ಹರಿಯಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು.

ಜಲಂಧರ್ ಜಿಲ್ಲೆಯ ಲೋಹಿಯಾಂ ಪ್ರದೇಶದಲ್ಲಿ 2019ರಲ್ಲಿ ಮತ್ತು 2023ರಲ್ಲಿ ಸತ್ಲೆಜ್ ಏರಿ ಒಡೆದಾಗ ಅದನ್ನು ಮುಚ್ಚುವ ಕೆಲಸಕ್ಕೆ ನಿಂತವರೂ ಅವರೇ. 2025ರಲ್ಲಿ ಬಿಯಾಸ್ ನುಗ್ಗಿದ ಬಾವುಪುರ ಮಂಡ್ ಪ್ರದೇಶದಲ್ಲಿ ದೋಣಿ ಇಳಿಸಿದವರೂ ಅವರೇ. ಎರಡು ದಶಕ ಹೊಳೆಯಲ್ಲಿ ಹೂಳೆತ್ತಿದ ಜನಕ್ಕೆ ಏರಿ ಕಟ್ಟುವುದು ಹೊಸ ವಿದ್ಯೆಯಾಗಲಿಲ್ಲ. ಬೇಸಗೆಯಲ್ಲಿ ಹೊಳೆಯನ್ನು ನೋಡಿಕೊಂಡವರೇ ಮಳೆಗಾಲದಲ್ಲಿ ಊರನ್ನು ಕಾಯಬಲ್ಲರು ಎಂಬುದು ಇದರ ಅರ್ಥ.

ಎಲ್ಲವೂ ಸರಿಯಿತ್ತೆಂದು ನಾನು ಹೇಳುತ್ತಿಲ್ಲ. ಟಾರು ರಸ್ತೆಯ ಪಕ್ಕದ ಹಳ್ಳಿಗಳಿಗೆ ಬೇಡವಾದಷ್ಟು ಸಾಮಗ್ರಿ ಬಂದು, ಒಳಗಿನ ಹಳ್ಳಿಗಳಿಗೆ ಕಡಿಮೆ ತಲುಪುವುದು ಎಲ್ಲ ನೆರೆಗಳ ಕಥೆ. ಪಂಜಾಬಿಗೂ ಅದು ತಪ್ಪಲಿಲ್ಲ. ಬೆಳೆ ಪರಿಹಾರ ಭೂಮಿಯ ಲೆಕ್ಕದಲ್ಲಿ ಬರುವುದರಿಂದ ಕೂಲಿ ಕಳೆದುಕೊಂಡ ಭೂಹೀನರ ಪಾಲಿಗೆ ಬಹಳ ಕಡಿಮೆ ದಕ್ಕಿತು. ಆ ಭೂಹೀನರಲ್ಲಿ ಹೆಚ್ಚಿನವರು ದಲಿತರು. ಏರಿಯ ಒಳಗಿನ ನದೀಪಾತ್ರದಲ್ಲಿ ಸಾಗುವಳಿ ಮಾಡುವ ಅನೇಕರಿಗೆ ಹಕ್ಕಿನ ಕಾಗದ ಸರಿಯಿಲ್ಲ. ಈ ಕೊನೆಯ ಸಂಗತಿ ನಮ್ಮ ಮಲೆನಾಡಿನದೂ ಹೌದು. ಅದಕ್ಕೆ ಬರುತ್ತೇನೆ.

ಒಂದು ಎಕರೆಯ ಲೆಕ್ಕ

ಮಣ್ಣಿನ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನೆರೆ ತಂದು ಹಾಕುವುದೆಲ್ಲ ಕೆಟ್ಟದ್ದಲ್ಲ. ಎರಡು ಮೂರು ಅಂಗುಲ ನಯವಾದ ಮೆಕ್ಕಲು ಬಂದರೆ ಉಳುಮೆಯಲ್ಲಿ ಬೆರೆಸಿಬಿಡಬಹುದು, ಅದರಿಂದ ಲಾಭವೇ. ಉರುಟು ಮರಳು ಅರ್ಧ ಅಡಿ ಮೀರಿದರೆ ತೆಗೆಯದೆ ಉಪಾಯವಿಲ್ಲ. ಅದು ನೀರನ್ನೂ ಹಿಡಿಯದು, ಗೊಬ್ಬರವನ್ನೂ ಹಿಡಿಯದು.

ಒಂದು ಎಕರೆಗೆ 4,047 ಚದರ ಮೀಟರ್. ಅದರ ಮೇಲೆ ಅರ್ಧ ಅಡಿ ಮರಳೆಂದರೆ ಸುಮಾರು 600 ಘನ ಮೀಟರ್. ಟ್ರ್ಯಾಕ್ಟರಿನ ಒಂದು ಲೋಡಿಗೆ 3 ಘನ ಮೀಟರ್ ಎಂದು ಹಿಡಿದರೂ 200 ಲೋಡು. ಕೇಂದ್ರ ಸರ್ಕಾರ 2022ರಿಂದ 2026ರ ಅವಧಿಗೆ ರೂಪಿಸಿದ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ, 3 ಅಂಗುಲಕ್ಕಿಂತ ಹೆಚ್ಚು ಹೂಳು ತುಂಬಿದ ಜಮೀನನ್ನು ಸರಿಪಡಿಸಲು ಇಟ್ಟದ್ದು ಹೆಕ್ಟೇರಿಗೆ 18,000 ರೂಪಾಯಿ. ಎಕರೆಗೆ ಸುಮಾರು 7,200. ಅಂದರೆ ಲೋಡಿಗೆ 36 ರೂಪಾಯಿ. ತುಂಬುವ ಆಳಿನ ಕೂಲಿ, ಡೀಸೆಲ್, ಬಾಡಿಗೆ ಎಲ್ಲ ಸೇರಿ! ಸಣ್ಣ ಹಿಡುವಳಿದಾರ ಆ ಗದ್ದೆಯನ್ನು ಕೈಬಿಡುವುದು ಸೋಮಾರಿತನದಿಂದಲ್ಲ, ಈ ಲೆಕ್ಕದಿಂದ. ಹಾಗೆ ಕೈಬಿಟ್ಟ ಗದ್ದೆ ಕೆಲವು ವರ್ಷಗಳಲ್ಲಿ ನಿವೇಶನವಾಗುತ್ತದೆ. ಗದ್ದೆಯಾಗಿದ್ದಾಗ ಮಳೆನೀರನ್ನು ತಡೆದು ಇಂಗಿಸುತ್ತಿದ್ದ ಜಾಗ ಆಮೇಲೆ ನೀರನ್ನು ಕೆಳಗಿನವರ ಮೇಲೆ ನೂಕುತ್ತದೆ. ಮುಂದಿನ ನೆರೆಯ ಬೀಜ ಅಲ್ಲಿದೆ.

ಮರಳು ತೆಗೆಯುವುದರಲ್ಲೂ ಎಚ್ಚರ ಬೇಕು. ತಲೆತಲಾಂತರದ ಕೆಸರು ಉಳುಮೆಯಿಂದ ಗದ್ದೆಯ ಅಡಿಯಲ್ಲಿ ಒಂದು ಗಟ್ಟಿ ಪದರ ಆಗಿರುತ್ತದೆ. ನೀರು ನಿಲ್ಲುವುದು ಅದರಿಂದ. ಗಂಟೆಯ ಬಾಡಿಗೆಗೆ ಬಂದ ಜೆಸಿಬಿ ಅವಸರದಲ್ಲಿ ಆ ಪದರವನ್ನೂ ಕೆತ್ತಿದರೆ ಗದ್ದೆ ಮರಳಿನಿಂದ ಬಿಡುಗಡೆಯಾಗಿಯೂ ಗದ್ದೆಯಾಗಿ ಉಳಿಯದು. ಕೊನೆಯ ಗೇಣು ಮರಳನ್ನು ಸಲಿಕೆ ಬುಟ್ಟಿಯಿಂದಲೇ ತೆಗೆಯಬೇಕು. ಅದಕ್ಕೆ ಬೇಕಾದದ್ದು ಜನ.

ಹಲವು ದಿನ ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲದೆ ಉಪಕಾರಿ ಶಿಲೀಂಧ್ರಗಳು ಸಾಯುತ್ತವೆ, ಮುಂದಿನ ಬೆಳೆಗೆ ರಂಜಕ ದಕ್ಕುವುದು ಕಡಿಮೆಯಾಗುತ್ತದೆ. ನಮ್ಮ ಹುಳಿ ಮಣ್ಣಿಗೆ ಸುಣ್ಣ, ಹಿಂಗಾರಿನ ತೇವದಲ್ಲಿ ಹುರುಳಿ ಅಥವಾ ಅಲಸಂದೆ, ಮುಂಗಾರಿಗೆ ಮುನ್ನ ಸೆಣಬು ಅಥವಾ ಡಯಂಚ ಹಸಿರೆಲೆ, ಸೊಪ್ಪಿನಬೆಟ್ಟದ ದರಗು: ಇವು ನೆಲಕ್ಕೆ ಮತ್ತೆ ಜೀವ ತರುವ ಔಷಧಗಳು. ಅಡಿಕೆಯ ಬೇರು ಹೆಚ್ಚಾಗಿ ಮೇಲ್ಪದರದಲ್ಲೇ ಹರಡುವುದರಿಂದ ಬುಡದ ಮೇಲೆ ಕೂತ ಹೂಳನ್ನು ವಾರದೊಳಗೆ ಸರಿಸಿ, ಬಸಿಗಾಲುವೆ ಬಿಡಿಸಬೇಕು. ತಡವಾದರೆ ಮರ ಹಳದಿಯಾಗುತ್ತದೆ. ಹತ್ತು ಮಂದಿ ಒಂದು ದಿನದಲ್ಲಿ ಮಾಡುವ ಕೆಲಸವನ್ನು ಗಂಡ ಹೆಂಡತಿ ಇಬ್ಬರೇ ಮಾಡಹೊರಟರೆ ಆ ವಾರ ದಾಟಿಹೋಗುತ್ತದೆ.

ಕಾಗದ ಮತ್ತು ಕೈ

ಆಗಲೇ ಹೇಳಿದ ಮಾನದಂಡದಲ್ಲಿ ಇನ್ನೊಂದು ಷರತ್ತಿತ್ತು. ಭೂಕುಸಿತದಿಂದ ಅಥವಾ ನದಿ ಪಾತ್ರ ಬದಲಿಸಿದ್ದರಿಂದ ಜಮೀನೇ ಹೋದರೆ ಹೆಕ್ಟೇರಿಗೆ 47,000 ರೂಪಾಯಿ. ಅದು ಕಂದಾಯ ದಾಖಲೆಯಂತೆ ಒಡೆತನ ಸಿದ್ಧವಾದ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಮಾತ್ರ. ಸಾರ್ವಜನಿಕ ಹಣಕ್ಕೆ ದಾಖಲೆ ಬೇಕೆನ್ನುವುದನ್ನು ನಾನು ತಪ್ಪೆನ್ನಲಾರೆ. ಆದರೆ ಈ ಜಿಲ್ಲೆಯಲ್ಲಿ ಪಹಣಿಯಿಲ್ಲದೆ ಉಳುವವರು ಎಷ್ಟು ಜನ! 1964ರಲ್ಲಿ ಲಿಂಗನಮಕ್ಕಿ ಕಟ್ಟೆಗೆ ಊರು ಬಿಟ್ಟುಕೊಟ್ಟ ಶರಾವತಿ ಕಣಿವೆಯ ಸಾವಿರಾರು ಕುಟುಂಬಗಳನ್ನು ಕಾಡಿನಂಚಿಗೆ ತಂದು ಬಿಟ್ಟರು. ಆರು ದಶಕ ದಾಟಿದರೂ ಅವರೆಲ್ಲರಿಗೆ ಹಕ್ಕುಪತ್ರ ದೊರೆತಿಲ್ಲ. ನಾಡಿಗೆ ಬೆಳಕು ಕೊಡಲೆಂದು ಕಟ್ಟಿಸಿದ ನೆರೆಯೊಂದರ ಸಂತ್ರಸ್ತರು ಅವರು. ಇನ್ನೊಂದು ನೆರೆ ಬಂದರೆ ಪರಿಹಾರದ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ.

ಕಾಡಿನ ಒತ್ತುವರಿಯನ್ನು ವಿರೋಧಿಸುವ ನಮ್ಮಂಥವರಿಗೆ ಇದು ಮುಜುಗರದ ಪ್ರಶ್ನೆ. ಹೊಸದಾಗಿ ಕಾಡು ಕಡಿದವನಿಗೂ, ಸರ್ಕಾರವೇ ತಂದು ಕೂರಿಸಿದವನಿಗೂ ವ್ಯತ್ಯಾಸವನ್ನು ನಾವು ಸ್ಪಷ್ಟವಾಗಿ ಹೇಳಬೇಕು. ಅದರಾಚೆಗೂ ಒಂದು ಮಾತಿದೆ. ಹಕ್ಕಿನ ತೀರ್ಮಾನ ನ್ಯಾಯಾಲಯದ್ದು, ಇಲಾಖೆಯದ್ದು. ಮರಳಿನಡಿ ಸಿಕ್ಕ ಗದ್ದೆಯಿಂದ ಮರಳು ತೆಗೆಯಲು ಆ ತೀರ್ಮಾನಕ್ಕೆ ಕಾಯಬೇಕಿಲ್ಲ. ಲಂಗರಿನಲ್ಲಿ ಬಡಿಸುವವನು ಉಣ್ಣುವವನ ಜಾತಿ ಕೇಳುವುದಿಲ್ಲ. ಕಾರ್ ಸೇವೆಗೆ ಬಂದವನು ಹೊಲದವನ ಪಹಣಿ ಕೇಳುವುದಿಲ್ಲ. ಸರ್ಕಾರಕ್ಕೆ ಮಾಡಲಾಗದ ಈ ಒಂದು ಕೆಲಸವನ್ನು ಸಮಾಜ ಮಾಡಬಲ್ಲದು.

ನಮ್ಮಲ್ಲಿ ಇರುವುದು, ಮಾಡಬೇಕಾದ್ದು

ಇದಕ್ಕಾಗಿ ನಾವು ಸಿಖ್ಖರನ್ನು ಅನುಕರಿಸಬೇಕಿಲ್ಲ. ಕಾಯಕ, ದಾಸೋಹಗಳ ವಿಚಾರ ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲೇ ಹುಟ್ಟಿದ್ದು. ಆ ಚಳವಳಿಯ ಅಲ್ಲಮನೂ ಅಕ್ಕನೂ ಇದೇ ಜಿಲ್ಲೆಯ ಬಳ್ಳಿಗಾವಿ, ಉಡುತಡಿಯ ಕಡೆಯವರು. ನಾಟಿಗೆ, ಕೊಯ್ಲಿಗೆ, ಮನೆ ಹೊದಿಕೆಗೆ ಮುಯ್ಯಾಳು ಕೂಡುವ ಪದ್ಧತಿ ನಮ್ಮ ಹಿರಿಯರಿಗೆ ಉಸಿರಿನಷ್ಟು ಸಹಜವಾಗಿತ್ತು. ಧರ್ಮಸ್ಥಳ, ಹೊರನಾಡುಗಳಲ್ಲಿ ನಿತ್ಯ ಸಾವಿರಾರು ಜನರಿಗೆ ಅನ್ನ ಬೇಯುತ್ತದೆ. ಕೊರತೆ ಇರುವುದು ಇವನ್ನು ಒಂದಕ್ಕೊಂದು ಹೊಸೆಯುವುದರಲ್ಲಿ. ಮುಯ್ಯಿ ನೆಂಟರ, ನೆರೆಹೊರೆಯ ಒಳಗೆ ಉಳಿಯಿತು. ಅನ್ನದಾನ ದೇವಸ್ಥಾನದ ಅಂಗಳದೊಳಗೆ ಉಳಿಯಿತು. ಅಂಗಳ ದಾಟಿ ಅಪರಿಚಿತನ ಗದ್ದೆಗೆ ಇಳಿಯುವ ರೂಢಿ ಬೆಳೆಯಲಿಲ್ಲ.

ಈ ಮಳೆಗಾಲಕ್ಕೆ ಮುನ್ನ ನಮ್ಮ ಬಳಗದ ಪ್ರತಿ ಊರೂ ಐದು ಕೆಲಸ ಮಾಡಲೆಂದು ವಿನಂತಿಸುತ್ತೇನೆ.

ಮೊದಲನೆಯದು, ಮುಯ್ಯಾಳು ಪುಸ್ತಕ. ನೆರೆ ಇಳಿದ ಮೇಲಿನ ಒಂದು ತಿಂಗಳಲ್ಲಿ ಪ್ರತಿ ಮನೆಯೂ ತನ್ನ ಊರಿನಾಚೆಗೆ ಎರಡು ಆಳು-ದಿನ ಕೊಡುವುದೆಂದು ಈಗಲೇ ಬರೆದಿಡುವುದು. ಯಾರಲ್ಲಿ ಟಿಲ್ಲರ್ ಇದೆ, ಪಂಪು ಇದೆ, ಮರ ಕೊಯ್ಯುವ ಯಂತ್ರವಿದೆ, ದೋಣಿಯಿದೆ ಎಂಬುದೂ ಅದರಲ್ಲಿರಲಿ. ಇದೇ ನಮ್ಮ ದಸ್ವಂಧ್.

ಎರಡನೆಯದು, ಬೀಜದ ಕಣಜ. ವರದಾ ಬಯಲಿನ ನೆರೆಗುಳಿ, ಕರಿಜಡ್ಡುವಿನಂಥ ನಾಟಿ ಭತ್ತಗಳು ನಿಂತ ನೀರನ್ನು ತಾಳುತ್ತವೆ. 2009ರಲ್ಲಿ ಬಿಡುಗಡೆಯಾದ ಸ್ವರ್ಣ-ಸಬ್1 ಎರಡು ವಾರದವರೆಗೆ ಮುಳುಗಡೆಯನ್ನು ಸಹಿಸುತ್ತದೆ. ಎರಡನ್ನೂ ಎತ್ತರದ ಊರುಗಳಲ್ಲಿ ಸ್ವಲ್ಪ ಸ್ವಲ್ಪ ಕೂಡಿಡಬೇಕು. ಮರುನಾಟಿಗೆಂದು ಎತ್ತರದ ಗದ್ದೆಯಲ್ಲಿ ಒಂದು ಸಸಿಮಡಿ ಹೆಚ್ಚಿಗೆ ಹಾಕಬೇಕು.

ಮೂರನೆಯದು, ಕಾಗದವಿಲ್ಲದವರ ಪಟ್ಟಿ. ಪಹಣಿಯಿಲ್ಲದೆ ಉಳುವವರು, ಗೇಣಿಗೆ ಮಾಡುವವರು, ಕೂಲಿಯಿಂದಲೇ ಬದುಕುವವರು ಯಾರು ಎಂಬುದನ್ನು ಗ್ರಾಮಸಭೆಯಲ್ಲಿ ಓದಿ ದಾಖಲಿಸಬೇಕು. ಸರ್ಕಾರಿ ಪರಿಹಾರ ತಲುಪದ ಆ ಮನೆಗಳಿಗೆ ನಮ್ಮ ಮೊದಲ ಆಳು-ದಿನಗಳು ಮೀಸಲು.

ನಾಲ್ಕನೆಯದು, ಹಳ್ಳದ ಸೇವೆ. ಏಪ್ರಿಲ್, ಮೇ ತಿಂಗಳಲ್ಲಿ ಹಳ್ಳಕ್ಕೆ ಬಿದ್ದ ಮರ, ಪ್ಲಾಸ್ಟಿಕ್ ತೆಗೆಯುವುದು, ಕಾಲುಸಂಕ ಗಟ್ಟಿ ಮಾಡುವುದು, ದಂಡೆಯಲ್ಲಿ ಬಿದಿರು, ಲಾವಂಚ, ಕೇದಗೆ, ಹೊಂಗೆ, ಅಪ್ಪೆಮಾವು ನೆಡುವುದು. ಗದ್ದೆಯಿಂದ ತೆಗೆದ ಮರಳನ್ನು ಹಳ್ಳಕ್ಕೆ ಮರಳಿ ನೂಕದೆ ಬದು ಕಟ್ಟಲು, ಊರಿನ ದಾರಿಗೆ ಬಳಸುವುದು. ಮಾರಾಟಕ್ಕೆ ಬಿಡುವ ಪಂಜಾಬಿನ ನೀತಿಯನ್ನು ಇಲ್ಲಿಗೆ ತರಬೇಕೆಂದು ನಾನು ಹೇಳಲಾರೆ. ಹೊಳೆಯ ಮರಳಿನ ಮೇಲೆ ಕಣ್ಣಿಟ್ಟವರಿಗೆ ಗದ್ದೆಯ ಮರಳೆಂಬುದು ಒಳ್ಳೆಯ ಮರೆಯಾದೀತು.

ಐದನೆಯದು, ಒಂದೇ ಪಂಕ್ತಿಯ ಅಡುಗೆಮನೆ. ದೇವಸ್ಥಾನ, ಮಸೀದಿ, ಚರ್ಚು, ಶಾಲೆಯ ಬಿಸಿಯೂಟದ ಕೋಣೆ ಯಾವುದಾದರೂ ಆಗಲಿ, ಎತ್ತರದ ಜಾಗದಲ್ಲಿರುವ ಒಂದನ್ನು ಗುರುತಿಸಿ, ವರ್ಷಕ್ಕೊಮ್ಮೆಯಾದರೂ ಇಡೀ ಊರು ಅಲ್ಲಿ ಅಡುಗೆ ಮಾಡಿ, ಯಾವ ಭೇದವೂ ಇಲ್ಲದೆ ಒಂದೇ ಸಾಲಿನಲ್ಲಿ ಉಣ್ಣಬೇಕು. ಸುಖದ ದಿನ ಜೊತೆಗೆ ಉಣ್ಣದವರು ಕಷ್ಟದ ದಿನ ಜೊತೆಗೆ ಉಣ್ಣಲಾರರು.

ಇವಾವುದಕ್ಕೂ ದೊಡ್ಡ ಹಣ ಬೇಕಿಲ್ಲ. ಸರ್ಕಾರದ ಹೊಣೆಯನ್ನು ಇದರಿಂದ ಮನ್ನಿಸಿದಂತೆಯೂ ಆಗುವುದಿಲ್ಲ. ನೆಲ ಸರಿಪಡಿಸುವ ಪರಿಹಾರ ನಿಜವಾದ ಖರ್ಚಿಗೆ ತಕ್ಕಂತಿರಬೇಕು, ಬೆಟ್ಟದ ನಾಡಿಗೆ ಬೇರೆಯೇ ಲೆಕ್ಕ ಬೇಕು, ಶರಾವತಿ ಸಂತ್ರಸ್ತರಿಗೆ ಹಕ್ಕುಪತ್ರ ಸಿಗಬೇಕು ಎಂದು ನಾವು ಒತ್ತಾಯಿಸುತ್ತಲೇ ಇರೋಣ. ಗುದ್ದಲಿ ಹಿಡಿದ ಕೈ ಬರೆದ ಮನವಿಗೆ ತೂಕ ಹೆಚ್ಚು.

ನಾವು ಕುಳಿತ ಈ ಬಡಾವಣೆಯ ಹೆಸರು ಹೊಸಮನೆ. ನೆರೆಯ ನಂತರ ಎಲ್ಲರೂ ಕೇಳುವುದೂ ಅದನ್ನೇ, ಒಂದು ಹೊಸ ಮನೆ. ಕೊಡೋಣ. ಅದರ ಜೊತೆಗೆ ಆ ಮನೆಗೆ ಅನ್ನ ಕೊಡುವ ಗದ್ದೆಯನ್ನೂ ಮತ್ತೆ ಕಟ್ಟಿಕೊಡೋಣ. ಮುಯ್ಯಾಳು ಪುಸ್ತಕ ಇಲ್ಲಿ ಮೇಜಿನ ಮೇಲಿದೆ. ಹೋಗುವ ಮುನ್ನ ನಿಮ್ಮ ಊರಿನ ಹೆಸರು, ನಿಮ್ಮ ಎರಡು ದಿನಗಳನ್ನು ಬರೆದು ಹೋಗಬೇಕೆಂದು ಕೋರುತ್ತೇನೆ.